ಹೆದರಿದವರಿಗೂ ಆರಾಧನೆಯಲ್ಲಿ ಜಾಗವಿರಲಿ

ಕನ್ನಡ ಸಭೆಗಳಲ್ಲಿ ಭಾನುವಾರದ ಆರಾಧನೆ ನಡೆಸುವ ಸಭಾಪಾಲಕರಿಗೆ, ಸಭೆಯ ಹಿರಿಯರಿಗೆ, ಗಾಯನ ತಂಡದವರಿಗೆ,



ನಾನು ಪ್ರಸಂಗಪೀಠ ಹತ್ತಿದವಳಲ್ಲ. ಭಾನುವಾರ ಬೆಳಿಗ್ಗೆ ಬೆಂಚಿನಲ್ಲಿ ಕೂತು ಹಾಡಿ, ಪ್ರಸಂಗ ಕೇಳಿ, ಕಾಣಿಕೆ ಹಾಕಿ ಮನೆಗೆ ಹೋಗುವ ಸಾವಿರಾರು ಜನರಲ್ಲಿ ಒಬ್ಬಳು. ಪೀಠದಲ್ಲಿ ನಿಂತವರಿಗೆ ಕಾಣದ ಕೆಲವು ಸಂಗತಿಗಳು ಬೆಂಚಿನಲ್ಲಿ ಕೂತವರಿಗೆ ಕಾಣುತ್ತವೆ. ಪಕ್ಕದಲ್ಲಿರುವ ಅಕ್ಕನ ಬ್ಯಾಗಿನಲ್ಲಿ ಬೈಬಲ್ಲಿನ ಜೊತೆಗೆ ಇನ್ನೂ ಯಾರಿಗೂ ತೋರಿಸದ ಸ್ಕ್ಯಾನ್ ರಿಪೋರ್ಟ್ ಇರುತ್ತದೆ. ಹಿಂದಿನ ಸಾಲಿನಲ್ಲಿ ಕೂತವರ ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಹೋಗಿರುತ್ತದೆ, ಮನೆ ಸಾಲದ ಕಂತು ನೆತ್ತಿಯ ಮೇಲೆ ತೂಗುತ್ತಿರುತ್ತದೆ. ಮಗಳನ್ನು ನರ್ಸ್ ಕೆಲಸಕ್ಕೆ ಗಲ್ಫಿಗೆ ಕಳಿಸಿದ ತಾಯಿ ಟಿವಿಯಲ್ಲಿ ಯುದ್ಧದ ಸುದ್ದಿ ಬಂದ ರಾತ್ರಿಯೆಲ್ಲ ಫೋನ್ ಹಿಡಿದು ಕೂತು, ಬೆಳಗಾದ ಮೇಲೆ ಸೀರೆ ಉಟ್ಟು ದೇವಾಲಯಕ್ಕೆ ಬಂದಿರುತ್ತಾಳೆ. ಮನೆಯಲ್ಲಿ ಪ್ರಾರ್ಥನಾ ಕೂಟ ಇಟ್ಟುಕೊಂಡವರು ಬಾಗಿಲು ತಟ್ಟಿದ ಸದ್ದಿಗೆ ಬೆಚ್ಚುವುದನ್ನು ಯಾರಿಗೂ ಹೇಳಿಕೊಂಡಿರುವುದಿಲ್ಲ.

ಇವರೆಲ್ಲ ನೀವು ಎತ್ತಿಕೊಟ್ಟ ಹಾಡಿಗೆ ದನಿ ಸೇರಿಸುತ್ತಾರೆ. ಕೈ ಎತ್ತಿ ಎಂದರೆ ಎತ್ತುತ್ತಾರೆ, ಚಪ್ಪಾಳೆ ತಟ್ಟಿ ಎಂದರೆ ತಟ್ಟುತ್ತಾರೆ. ಆಶೀರ್ವಾದ ಮುಗಿದು ಹೊರಗೆ ಬರುವಾಗ ತಂದ ಭಯವನ್ನೇ ಹೊತ್ತುಕೊಂಡು ಮನೆಗೆ ಹೋಗುತ್ತಾರೆ. ಭಯವನ್ನು ಚಪ್ಪಲಿಯ ಹಾಗೆ ಬಾಗಿಲಲ್ಲೇ ಬಿಟ್ಟು ಒಳಗೆ ಬರಬೇಕೆಂದು ನಾವು ಅವರಿಗೆ ಕಲಿಸಿದ್ದೇವೆ. ಬಿಟ್ಟು ಬಂದದ್ದನ್ನು ಹೋಗುವಾಗ ಮತ್ತೆ ತೊಟ್ಟುಕೊಂಡೇ ಹೋಗಬೇಕಲ್ಲ.

ಭಯಕ್ಕೆ ನಂಬಿಕೆ ಮತ್ತು ಆರಾಧನೆಯೇ ಉತ್ತರವೆಂದು ನೀವು ಬೋಧಿಸುತ್ತೀರಿ. ಅದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಆ ಉತ್ತರ ಕೊಡುವ ರೀತಿಯದು. "ಭಯಪಡಬೇಡಿ" ಎಂಬ ಸಾಂತ್ವನದ ಮಾತು ನಮ್ಮಲ್ಲಿ ಬರಬರುತ್ತಾ ಗದರಿಕೆಯಾಗಿದೆ. ಹೆದರಿದವನಿಗೆ ನಂಬಿಕೆ ಸಾಲದು, ನಂಬಿಕೆ ಇದ್ದವನು ಹೆದರುವುದಿಲ್ಲ ಎಂಬ ಲೆಕ್ಕ ಸಭೆಯ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಇದರಿಂದ ಭಯ ಕಡಿಮೆಯಾಗಿಲ್ಲ. ಇದ್ದ ಭಯದ ಮೇಲೆ ನಾಚಿಕೆಯೂ ಬಂದು ಕೂತಿದೆ, ಅಷ್ಟೆ.

ವರ್ಷದ ದಿನಕ್ಕೊಂದರಂತೆ ಬೈಬಲ್ಲಿನಲ್ಲಿ 365 ಸಲ "ಭಯಪಡಬೇಡಿ" ಎಂಬ ಮಾತು ಬರುತ್ತದೆಂದು ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೇನೆ. ಕೇಳಲು ಚೆಂದ, ಆದರೆ ಎಣಿಸಿದರೆ ಅಷ್ಟಾಗುವುದಿಲ್ಲ. ಎಣಿಕೆ ಹಾಗಿರಲಿ, ಆ ಮಾತು ಯಾರಿಗೆ, ಯಾವ ಹೊತ್ತಿನಲ್ಲಿ ಬಂತೆಂದು ನೋಡಿ. ಮನೆಯಿಂದ ಹೊರಹಾಕಿಸಿಕೊಂಡು, ತಿತ್ತಿಯ ನೀರು ಮುಗಿದು, ಮಗ ಸಾಯುವುದನ್ನು ನೋಡಲಾರದೆ ದೂರ ಕೂತು ಅಳುತ್ತಿದ್ದ ದಾಸಿ ಹಾಗರಳಿಗೆ ಬಂತು. ಗುರುತು ಪರಿಚಯವಿಲ್ಲದ ದೂತ ಎದುರು ನಿಂತಾಗ ಕಳವಳಗೊಂಡ ಮರಿಯಳಿಗೆ ಬಂತು. ರಾತ್ರಿ ಕುರಿ ಕಾಯುತ್ತಿದ್ದ ಕುರುಬರಿಗೆ ಬಂತು. ಮುಳುಗುವ ಹಡಗಿನಲ್ಲಿ ಕೈದಿಯಾಗಿದ್ದ ಪೌಲನಿಗೆ ಬಂತು. ಎಲ್ಲಿಯೂ ಅದು ಒಂಟಿಯಾಗಿ ಬರಲಿಲ್ಲ. ಹಾಗರಳಿಗೆ ಅದರ ಹಿಂದೆಯೇ ನೀರಿನ ಬಾವಿ ಕಂಡಿತು. ಕುರುಬರಿಗೆ ಸಂತೋಷದ ಸುದ್ದಿ ಸಿಕ್ಕಿತು. ಪೌಲನಿಗೆ ತನ್ನ ಜೊತೆಗೆ ಪ್ರಯಾಣ ಮಾಡುವವರೆಲ್ಲರ ಜೀವದ ಭರವಸೆ ಸಿಕ್ಕಿತು. ದೇವರು ಆ ಮಾತನ್ನು ಆಡಿದಾಗಲೆಲ್ಲ ಜೊತೆಗೆ ಏನನ್ನಾದರೂ ಕೊಟ್ಟಿದ್ದಾನೆ. ನಾವು ಬರೀ ಮಾತು ಕೊಟ್ಟು ಕೈತೊಳೆದುಕೊಳ್ಳುತ್ತೇವೆ.

ಆರಾಧನೆಯ ಬಲಕ್ಕೆ ನೀವು ಹೆಚ್ಚಾಗಿ ಕೊಡುವ ಉದಾಹರಣೆ ಪೂರ್ವಕಾಲವೃತ್ತಾಂತದ ಎರಡನೆಯ ಭಾಗದ 20ನೆಯ ಅಧ್ಯಾಯ. ಅರಸ ಯೆಹೋಷಾಫಾಟ ಸೈನ್ಯದ ಮುಂದೆ ಹಾಡುಗಾರರನ್ನು ನಿಲ್ಲಿಸಿದ, ಹಾಡು ಶುರುವಾಯಿತು, ಶತ್ರುಗಳು ತಮ್ಮತಮ್ಮಲ್ಲೇ ಬಡಿದಾಡಿ ಸತ್ತರು. ಗಾಯನ ತಂಡದ ಎಲ್ಲ ಕೂಟಗಳಲ್ಲೂ ಈ ಕಥೆ ಬರುತ್ತದೆ. ಆದರೆ ಅಧ್ಯಾಯ ಶುರುವಾಗುವುದು ಹಾಡಿನಿಂದಲ್ಲ. ಮೋವಾಬ್ಯರು, ಅಮ್ಮೋನಿಯರು ದಂಡೆತ್ತಿ ಬರುತ್ತಿದ್ದಾರೆಂಬ ಸುದ್ದಿ ಕೇಳಿ ಅರಸನಿಗೆ ಭಯವಾಯಿತೆಂದು ಅಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದೆ. ಅವನು ಉಪವಾಸ ಸಾರಿದ. ಗಂಡಸರು, ಹೆಂಗಸರು, ಎಳೆಯ ಮಕ್ಕಳು ಎಲ್ಲರೂ ಬಂದು ದೇವಾಲಯದ ಅಂಗಳದಲ್ಲಿ ನಿಂತರು. ಅವರೆಲ್ಲರ ಎದುರಿಗೆ ಅರಸ ತಮಗೆ ಬಲವಿಲ್ಲ, ಏನು ಮಾಡಬೇಕೆಂದು ತೋಚುತ್ತಿಲ್ಲ, ತಮ್ಮ ಕಣ್ಣು ದೇವರ ಕಡೆಗಿದೆ ಎಂದು ಪ್ರಾರ್ಥಿಸಿದ. ಹಾಡುಗಾರರು ಮುಂದೆ ನಡೆದದ್ದು ಮರುದಿನ. ನಾವು ಮೊದಲ ದಿನವನ್ನು ಹಾರಿಸಿ ನೇರವಾಗಿ ಎರಡನೆಯ ದಿನಕ್ಕೆ ಹೋಗುತ್ತೇವೆ. ನಮ್ಮಲ್ಲಿ ಯಾವ ಸಭಾಪಾಲಕರು, ಯಾವ ಕಮಿಟಿಯ ಅಧ್ಯಕ್ಷರು ಮೈಕಿನ ಮುಂದೆ ನಿಂತು ತಮಗೂ ತೋಚುತ್ತಿಲ್ಲವೆಂದು ಹೇಳಿದ್ದುಂಟು?

ಕೀರ್ತನೆಗಳ ಪುಸ್ತಕವನ್ನೂ ನಾವು ಹೀಗೆಯೇ ಆರಿಸಿ ಓದುತ್ತೇವೆ. ಅಲ್ಲಿರುವ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಮೊರೆಯ ಹಾಡುಗಳು. 13ನೆಯದರಲ್ಲಿ ದಾವೀದ ಇನ್ನೆಷ್ಟು ಕಾಲ ಎಂದು ನಾಲ್ಕು ಸಲ ಕೇಳುತ್ತಾನೆ. 55ರಲ್ಲಿ ರೆಕ್ಕೆ ಇದ್ದಿದ್ದರೆ ಹಾರಿ ಹೋಗಿಬಿಡುತ್ತಿದ್ದೆ ಎಂದು ಹಂಬಲಿಸುತ್ತಾನೆ. 56ರಲ್ಲಿ ಹೆದರಿಕೆಯಾದಾಗಲೇ ನಂಬುತ್ತೇನೆ ಎನ್ನುತ್ತಾನೆ. ಹೆದರಿಕೆ ಹೋದ ಮೇಲೆ ನಂಬುತ್ತೇನೆಂದು ಅವನು ಹೇಳಲಿಲ್ಲ. 88ನೆಯ ಕೀರ್ತನೆ ಮೊರೆಯಿಂದ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಅದಕ್ಕೆ ಒಂದು ಸಮಾಧಾನದ ಸಾಲನ್ನು ಹೊಲಿದು ಕೊಡಬೇಕೆಂದು ಇಸ್ರಾಯೇಲ್ಯರಿಗೆ ಅನ್ನಿಸಲಿಲ್ಲ, ಇದ್ದ ಹಾಗೆಯೇ ಆರಾಧನೆಯ ಹಾಡುಗಳಲ್ಲಿ ಇಟ್ಟುಕೊಂಡರು. ನಮ್ಮ ಭಾನುವಾರಗಳಲ್ಲಿ 23, 100, 103, 121, 150 ತಿರುಗಿ ತಿರುಗಿ ಬರುತ್ತವೆ. 88 ಓದಿದ್ದನ್ನು ನಾನು ಕೇಳಿಲ್ಲ.

ಇದಕ್ಕೆಲ್ಲ ಮೇಲೆ ಸ್ವಾಮಿಯ ಉದಾಹರಣೆಯೇ ಇದೆ. ಕಡೆಯ ಭೋಜನದ ನಂತರ ಆತನೂ ಶಿಷ್ಯರೂ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೊರಟರೆಂದು ಮತ್ತಾಯನೂ ಮಾರ್ಕನೂ ಬರೆದಿದ್ದಾರೆ. ಪಸ್ಕದ ರಾತ್ರಿ ಯೆಹೂದ್ಯರು ಹಾಡುತ್ತಿದ್ದದ್ದು 113ರಿಂದ 118ರವರೆಗಿನ ಕೀರ್ತನೆಗಳನ್ನು. ಅಂದರೆ ಬಾಯಲ್ಲಿ ಸ್ತೋತ್ರದ ಹಾಡಿದ್ದ ಅದೇ ರಾತ್ರಿ, ಅದೇ ದಾರಿಯಲ್ಲಿ ನಡೆದು ಹೋಗಿ, ಗೆತ್ಸೇಮನೆಯಲ್ಲಿ ಆತನು ದಿಗಿಲುಪಟ್ಟು ನೆಲಕ್ಕೆ ಬಿದ್ದನು. ಹಾಡಿದ್ದರಿಂದ ಭಯ ಬಾರದೆ ಇರಲಿಲ್ಲ. ಭಯ ಬಂದದ್ದರಿಂದ ಹಾಡು ಸುಳ್ಳಾಗಲೂ ಇಲ್ಲ. ಆ ಹೊತ್ತಿನಲ್ಲಿ ಆತನು ಮೂವರು ಗೆಳೆಯರನ್ನು ಕೇಳಿದ್ದು ತನ್ನ ಜೊತೆ ಎಚ್ಚರವಾಗಿರಿ ಎಂಬುದೊಂದನ್ನೇ. ಅವರು ನಿದ್ದೆ ಹೋದರು. ಹೆದರಿದವರನ್ನು ಒಂಟಿಯಾಗಿ ಬಿಡುವ ಚಾಳಿ ಸಭೆಗೆ ಹೊಸದಲ್ಲ.

ಹಾಗಾದರೆ ಆರಾಧನೆ ಭಯಕ್ಕೆ ಏನು ಮಾಡುತ್ತದೆ? ನನಗೆ ಸಿಕ್ಕ ಉತ್ತರ ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿದೆ. ಫಿಲಿಪ್ಪಿಯಲ್ಲಿ ಪೌಲನನ್ನೂ ಸೀಲನನ್ನೂ ಬಟ್ಟೆ ಕಿತ್ತು, ಕೋಲಿನಿಂದ ಹೊಡೆದು, ಒಳಗಣ ಸೆರೆಮನೆಯಲ್ಲಿ ಕಾಲಿಗೆ ಕೋಳ ಹಾಕಿ ಕೂರಿಸಿದರು. ಮಧ್ಯರಾತ್ರಿಯಲ್ಲಿ ಅವರಿಬ್ಬರೂ ಪ್ರಾರ್ಥಿಸುತ್ತಾ ಹಾಡುತ್ತಿದ್ದರು. ಭೂಕಂಪವಾಯಿತು, ಬಾಗಿಲು ತೆರೆದವು, ಬೇಡಿಗಳು ಕಳಚಿದವು. ಸಾಕ್ಷಿ ಹೇಳುವವರು ಇಲ್ಲಿಗೆ ನಿಲ್ಲಿಸಿ ಹಲ್ಲೆಲೂಯ ಎನ್ನುತ್ತಾರೆ. ಮುಂದೆ ಓದಿ. ಆ ರಾತ್ರಿ ಎಲ್ಲರಿಗಿಂತ ಹೆಚ್ಚು ಹೆದರಿದವನು ಸೆರೆಮನೆಯ ಯಜಮಾನ. ಕೈದಿಗಳು ಓಡಿಹೋದರೆಂದುಕೊಂಡು ಕತ್ತಿ ಹಿರಿದು ತನ್ನನ್ನೇ ಕೊಂದುಕೊಳ್ಳಲು ಹೊರಟಿದ್ದ. ಆ ಕತ್ತಲೆಯಲ್ಲಿ ಅವನ ಭಯವನ್ನು ಗುರುತಿಸಿ ಕೂಗಿದವನು ಪೌಲ. ತೆರೆದ ಬಾಗಿಲಿನಿಂದ ತಪ್ಪಿಸಿಕೊಂಡು ಹೋಗಬಹುದಾಗಿದ್ದವರು ಅವನಿಗಾಗಿ ಒಳಗೇ ಉಳಿದರು. ಬೆಳಗಾಗುವುದರೊಳಗೆ ಅದೇ ಯಜಮಾನ ಅವರ ಗಾಯ ತೊಳೆದು ಮನೆಗೆ ಕರೆದುಕೊಂಡು ಹೋಗಿ ಊಟ ಬಡಿಸಿದ.

ನಿಜವಾದ ಆರಾಧನೆಗೆ ನನಗೆ ಗೊತ್ತಿರುವ ಗುರುತು ಇದೇ. ಅದು ನಮ್ಮ ಭಯವನ್ನು ಅಳಿಸುವುದಕ್ಕಿಂತ ಮೊದಲು ಪಕ್ಕದವರ ಭಯವನ್ನು ನಮಗೆ ತೋರಿಸುತ್ತದೆ. ಹೆದರಿದ ಮನುಷ್ಯನಿಗೆ ತಾನೊಬ್ಬನೇ ಕಾಣುತ್ತಾನೆ. ದೇವರ ಕಡೆಗೆ ಕಣ್ಣೆತ್ತಿದಾಗ ನೋಟ ತನ್ನಿಂದಾಚೆಗೆ ಹರಿಯುತ್ತದೆ, ಆಗ ಬೇರೆಯವರೂ ಕಣ್ಣಿಗೆ ಬೀಳುತ್ತಾರೆ. ಪೌಲನ ಹಡಗಿನ ಪ್ರಸಂಗವೂ ಇದೇ ಜಾಡಿನದು. ಹದಿನಾಲ್ಕು ರಾತ್ರಿ ಬಿರುಗಾಳಿಗೆ ಸಿಕ್ಕು ಊಟ ಬಿಟ್ಟಿದ್ದ ಜನರ ಎದುರಿಗೆ ಅವನು ರೊಟ್ಟಿ ತೆಗೆದುಕೊಂಡು ದೇವರಿಗೆ ಸ್ತೋತ್ರ ಹೇಳಿ, ಮುರಿದು ತಿಂದ. ಹಡಗಿನಲ್ಲಿದ್ದವರು 276 ಮಂದಿ, ಹೆಚ್ಚಿನವರು ಅವನ ದೇವರನ್ನು ಅರಿಯದವರು. ಅವನನ್ನು ನೋಡಿ ಅವರೂ ಧೈರ್ಯ ತಂದುಕೊಂಡು ಉಂಡರು. ಉಂಡ ಮೇಲೆ ಎಲ್ಲರೂ ಸೇರಿ ಗೋಧಿಯನ್ನು ಸಮುದ್ರಕ್ಕೆ ಸುರಿದು ಹಡಗನ್ನು ಹಗುರ ಮಾಡಿದರು. ಸ್ತೋತ್ರ, ಊಟ, ಕೆಲಸ ಒಂದರ ಹಿಂದೊಂದು ಬಂದವು.

ಫಿಲಿಪ್ಪಿಯ ಕಥೆಯ ಕೊನೆಯ ಭಾಗವನ್ನಂತೂ ನಾವು ಓದುವುದೇ ಇಲ್ಲ. ಬೆಳಗಾದಾಗ ಅಧಿಕಾರಿಗಳು ಸದ್ದಿಲ್ಲದೆ ಬಿಡುಗಡೆ ಮಾಡಲು ಹೇಳಿ ಕಳಿಸಿದರು. ರಾತ್ರಿ ಹಾಡಿದ ಪೌಲನೇ ಬೆಳಿಗ್ಗೆ ತಾನು ರೋಮಿನ ಪ್ರಜೆ, ವಿಚಾರಣೆಯಿಲ್ಲದೆ ಹೊಡೆಸಿದವರು ತಾವೇ ಬಂದು ಕರೆದುಕೊಂಡು ಹೋಗಲಿ ಎಂದು ಪಟ್ಟು ಹಿಡಿದ. ಅವರು ಬಂದು ಬೇಡಿಕೊಂಡರು. ಹಾಡಿಗೂ ಹಕ್ಕಿಗೂ ಅವನಲ್ಲಿ ಜಗಳವಿರಲಿಲ್ಲ. ಹಕ್ಕು ಕೇಳಬೇಕಾದ ಹೊತ್ತು ನಮಗೂ ಬಂದಿದೆ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಹಂಪನಕಟ್ಟೆಯ ಬಳಿಯ ಆರಾಧನಾ ಮಠವೂ ಸೇರಿದಂತೆ ಕರಾವಳಿ, ಮಲೆನಾಡಿನ ಹಲವು ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿಯಾದದ್ದು ನಿಮಗೆ ನೆನಪಿದೆ. ಆ ಭಯ ಅನೇಕರ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಅಂಥ ಹೊತ್ತಿನಲ್ಲಿ ಠಾಣೆಗೆ ಹೋಗಿ ದೂರು ಕೊಡುವುದು, ಸಂವಿಧಾನದ 25ನೆಯ ವಿಧಿ ಕೊಟ್ಟ ಸ್ವಾತಂತ್ರ್ಯವನ್ನು ಕೇಳುವುದು ನಂಬಿಕೆಯ ಕೊರತೆಯಲ್ಲ, ಪೌಲ ಹಾಕಿಕೊಟ್ಟ ದಾರಿ. ಭಯ ದ್ವೇಷವಾಗಿ ಹುಳಿಯದಂತೆ ನೋಡಿಕೊಳ್ಳುವುದು ಮಾತ್ರ ಸಭೆಯದೇ ಕೆಲಸ. ನಮ್ಮನ್ನು ಹೆದರಿಸಿದವರ ಹೆಸರೂ ನಮ್ಮ ವಿಜ್ಞಾಪನಾ ಪ್ರಾರ್ಥನೆಯಲ್ಲಿ ಬರಬೇಕು. ಅವರ ಇಡೀ ಜನಾಂಗವನ್ನು ದೂಷಿಸುವ ಮಾತು ಪೀಠದಿಂದ ಎಂದೂ ಬರಬಾರದು.

ನಂಬಿಕೆ ಇದ್ದರೆ ಔಷಧ ಯಾಕೆ, ಎಚ್ಚರಿಕೆ ಯಾಕೆ ಎನ್ನುವವರಿಗೆ ಹೇಳಲು 1527ರ ಒಂದು ಪತ್ರವಿದೆ. ಆ ವರ್ಷದ ಆಗಸ್ಟಿನಲ್ಲಿ ಜರ್ಮನಿಯ ವಿಟೆನ್‌ಬರ್ಗಿಗೆ ಪ್ಲೇಗ್ ಬಂತು. ವಿಶ್ವವಿದ್ಯಾಲಯವನ್ನು ಯೇನಾಕ್ಕೆ ಸ್ಥಳಾಂತರಿಸಿದರು, ಊರು ಬಿಡುವಂತೆ ಮಾರ್ಟಿನ್ ಲೂಥರರಿಗೂ ದೊರೆಯಿಂದ ಆಜ್ಞೆ ಬಂತು. ಅವರು ಹೋಗಲಿಲ್ಲ. ಪತ್ನಿ ಕ್ಯಾಥರಿನಾ ಗರ್ಭಿಣಿಯಾಗಿದ್ದರು, ಮನೆಯೇ ರೋಗಿಗಳ ಆಸ್ಪತ್ರೆಯಾಯಿತು. ಲೂಥರ್ ಭಯವನ್ನೇ ಅರಿಯದ ವೀರರೆಂದು ತಿಳಿಯಬೇಡಿ. ಜುಲೈ ತಿಂಗಳಲ್ಲೇ ಅವರು ಕುಸಿದು ಬಿದ್ದು, ಸಾವು ಬಂತೆಂದು ಹೆಂಡತಿ ಮಗನಿಗೆ ವಿದಾಯ ಹೇಳಿದ್ದರು. ಮನಸ್ಸಿನ ಕಳವಳ ಆಮೇಲೂ ತಿಂಗಳುಗಟ್ಟಲೆ ಬಿಡಲಿಲ್ಲ. 46ನೆಯ ಕೀರ್ತನೆಯನ್ನು ಆಧರಿಸಿ ಅವರು ಬರೆದ, ದೇವರನ್ನು ಭದ್ರವಾದ ಕೋಟೆ ಎನ್ನುವ ಹಾಡು ಹುಟ್ಟಿದ್ದು ಹೆಚ್ಚುಕಡಿಮೆ ಈ ವರ್ಷಗಳಲ್ಲಿಯೇ.

ಪ್ಲೇಗ್ ಬಂದಾಗ ಕ್ರೈಸ್ತನು ಊರು ಬಿಟ್ಟು ಓಡಬಹುದೇ ಎಂದು ಬ್ರೆಸ್ಲೌ ಪಟ್ಟಣದ ಯೊಹಾನ್ ಹೆಸ್ ಮತ್ತು ಅಲ್ಲಿನ ಸಭಾಪಾಲಕರು ಕೇಳಿದ್ದರು. ಲೂಥರ್ ಬಹಿರಂಗ ಪತ್ರದಲ್ಲೇ ಉತ್ತರ ಕೊಟ್ಟರು. ಸಭಾಪಾಲಕರು, ಊರಿನ ಅಧಿಕಾರಿಗಳು, ಇನ್ನೊಬ್ಬರ ಆರೈಕೆಯ ಹೊಣೆ ಹೊತ್ತವರು ಜಾಗ ಬಿಡಬಾರದು. ಅಂಥ ಹೊಣೆಯಿಲ್ಲದವರು, ನೆರೆಯವರನ್ನು ನೋಡಿಕೊಳ್ಳಲು ಬೇರೆಯವರಿದ್ದರೆ, ಹೋಗಬಹುದು; ಪ್ರಾಣ ಉಳಿಸಿಕೊಳ್ಳುವುದು ಪಾಪವಲ್ಲ. ಔಷಧ ತೆಗೆದುಕೊಳ್ಳಬೇಕು, ಮನೆಗೆ ಹೊಗೆ ಹಾಕಿ ಶುದ್ಧಮಾಡಬೇಕು, ತನ್ನ ಅಗತ್ಯವಿಲ್ಲದ ಕಡೆ ಹೋಗಿ ರೋಗ ಹಚ್ಚಿಕೊಂಡು ಹಂಚಬಾರದು. ಇವನ್ನೆಲ್ಲ ಧಿಕ್ಕರಿಸಿ ದೇವರನ್ನು ನಂಬಿದ್ದೇನೆ ಎನ್ನುವವನು ದೇವರನ್ನು ಪರೀಕ್ಷಿಸುತ್ತಾನೆ. ಆದರೆ ನೆರೆಯವನಿಗೆ ತನ್ನ ಅಗತ್ಯ ಬಿದ್ದಾಗ ಹಿಂಜರಿಯಬಾರದು. ಪತ್ರದ ಸಾರ ಇಷ್ಟು. ಅಂಥ ಹೊಣೆಯಿಲ್ಲದೆ ಊರು ಬಿಟ್ಟವರನ್ನು ಅವರು ಹೀಗಳೆಯಲಿಲ್ಲ. ಯಾರ ಹೊಣೆ ಯಾರ ಮೇಲಿದೆ ಎಂಬ ಒಂದೇ ಪ್ರಶ್ನೆಯಿಂದ ಎಲ್ಲವನ್ನೂ ಅಳೆದರು.

2020ರಲ್ಲಿ ನಮ್ಮ ದೇವಾಲಯಗಳು ಮುಚ್ಚಿ, ಶುಭ ಶುಕ್ರವಾರವನ್ನೂ ಈಸ್ಟರನ್ನೂ ಮನೆಯಲ್ಲೇ ಆಚರಿಸಬೇಕಾದಾಗ ಈ ಪತ್ರ ಎಲ್ಲ ಸಭೆಗಳಲ್ಲೂ ಓದಬೇಕಾದದ್ದಾಗಿತ್ತು. ಮಾಸ್ಕ್ ಹಾಕಿದವರನ್ನು ಅಲ್ಪವಿಶ್ವಾಸಿಗಳೆಂದವರೂ ನಮ್ಮಲ್ಲಿದ್ದರು. ಮರುವರ್ಷದ ಎರಡನೆಯ ಅಲೆಯಲ್ಲಿ ಸಂಬಂಧಿಕರೇ ಹತ್ತಿರ ಬರಲು ಅಂಜಿದ ಹೆಣಗಳಿಗೆ ಮೈತುಂಬ ಕವಚ ತೊಟ್ಟು ಮಣ್ಣು ಕೊಟ್ಟ ಎಲ್ಲ ಧರ್ಮಗಳ ಹುಡುಗರೂ ಇದ್ದರು. ಇವರಲ್ಲಿ ಲೂಥರರ ಮಾತನ್ನು ಓದದೆಯೇ ಪಾಲಿಸಿದವರು ಯಾರು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಭಯ ಬಂದ ದಿನ ಹಾಡು ಕಲಿಯಲು ಆಗುವುದಿಲ್ಲ ಎಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಜರ್ಮನಿಯ ಐಲೆನ್‌ಬರ್ಗ್ ಪಟ್ಟಣದ ಸಭಾಪಾಲಕ ಮಾರ್ಟಿನ್ ರಿಂಕಾರ್ಟ್ ಮೂವತ್ತು ವರ್ಷಗಳ ಯುದ್ಧದ ಕಾಲದವರು. 1637ರಲ್ಲಿ, ನಿರಾಶ್ರಿತರಿಂದ ತುಂಬಿ ತುಳುಕುತ್ತಿದ್ದ ಆ ಊರಿಗೆ ಪ್ಲೇಗ್ ಬಂದಾಗ ಉಳಿದ ಸಭಾಪಾಲಕರು ಸತ್ತರು ಇಲ್ಲವೇ ಊರು ಬಿಟ್ಟರು. ರಿಂಕಾರ್ಟ್ ಒಬ್ಬರೇ 4,000ಕ್ಕೂ ಹೆಚ್ಚು ಜನರ ಅಂತ್ಯಕ್ರಿಯೆ ನಡೆಸಿದರು. ಅವರ ಹೆಂಡತಿಯೂ ಆ ವರ್ಷವೇ ತೀರಿಕೊಂಡರು. ಲೋಕದಾದ್ಯಂತ ಸಭೆಗಳು ಇಂದಿಗೂ ಹಾಡುವ ಒಂದು ಕೃತಜ್ಞತಾ ಗೀತೆ ಅವರದು. ಹೆಣಗಳನ್ನು ಹೂತು ಬಂದ ರಾತ್ರಿ ಬರೆದದ್ದೆಂದು ಪ್ರಸಂಗಗಳಲ್ಲಿ ಹೇಳುವುದುಂಟು. ನಡೆದದ್ದು ಬಹುಶಃ ಅದಕ್ಕಿಂತ ಸರಳ. ಪ್ಲೇಗಿಗೂ ಮೊದಲೇ, ತಮ್ಮ ಮನೆಯವರು ಊಟದ ಹೊತ್ತಿಗೆ ಹೇಳಿಕೊಳ್ಳಲೆಂದು ಬರೆದ ಪ್ರಾರ್ಥನೆ ಅದೆಂದು ತಿಳಿದವರು ಹೇಳುತ್ತಾರೆ. ನನಗೆ ಈ ಎರಡನೆಯ ಕಥೆಯೇ ಹೆಚ್ಚು ಬೆಲೆಯುಳ್ಳದ್ದೆನಿಸುತ್ತದೆ. ಅನ್ನದ ಮುಂದೆ ಕೂತು ಕಲಿತ ಹಾಡು ಸ್ಮಶಾನದಲ್ಲಿ ನೆರವಿಗೆ ಬಂತು.

ನಮ್ಮ ನಾಡಿನ ಸಭೆಗಳಿಗೂ ಈ ಪಾಠ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಜರ್ಮನ್ ರಾಗಗಳನ್ನು ಕನ್ನಡ ಬಾಯಿಗೆ ಕಲಿಸಿತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಆ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರ್ಕಾರ ಬಂಧಿಸಿ ಅಹಮದ್‌ನಗರದ ಶಿಬಿರಕ್ಕೆ ಕಳಿಸಿತು. ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆ, ಶಾಲೆ ಎಲ್ಲಕ್ಕೂ ಮಿಷನ್ನನ್ನೇ ನಂಬಿದ್ದ ಕುಟುಂಬಗಳಿಗೆ ಕಾಲಡಿಯ ನೆಲವೇ ಜಾರಿದಂತಾಗಿರಬೇಕು. ಆದರೂ ಸಭೆಗಳು ಚದುರಿ ಹೋಗಲಿಲ್ಲ. ಊರಿನ ಸಭಾಪಾಲಕರು, ಉಪದೇಶಿಗಳು ಆರಾಧನೆ ನಿಲ್ಲದಂತೆ ನೋಡಿಕೊಂಡರು. ಕರಾವಳಿಯಲ್ಲಾಗಲಿ ಧಾರವಾಡದಲ್ಲಾಗಲಿ ಆ ಸಭೆಗಳು ಇಂದಿಗೂ ಇವೆ.

ಆರಾಧನೆ ಆರೈಕೆಯಾದ ಉದಾಹರಣೆಗಳೂ ಇಲ್ಲೇ ಇವೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಮರದ ಕೆಳಗೆ ಹೋಮಿಯೋಪಥಿ ಔಷಧ ಕೊಡಲು ಶುರುಮಾಡಿ, 1890ರಲ್ಲಿ ಜನ ಹತ್ತಿರ ಸೇರಿಸದ ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿಸಿದರು. 1902ರಲ್ಲಿ ಊರಿಗೆ ಪ್ಲೇಗ್ ಬಂದಾಗ ಅದಕ್ಕೂ ಒಂದು ಆಸ್ಪತ್ರೆ ತೆರೆದರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದು, ಉಡುಪಿಯ ಲೊಂಬಾರ್ಡ್ ಆಸ್ಪತ್ರೆ 1923ರದು. ಊರವರಿಗೆ ಇವೆರಡೂ ಇವತ್ತಿಗೂ ಮಿಷನ್ ಆಸ್ಪತ್ರೆಗಳೇ. ಇದು ಬಹಳ ಹಳೆಯ ರೂಢಿ. ಮೂರನೆಯ ಶತಮಾನದ ಸಾಂಕ್ರಾಮಿಕ ರೋಗದಲ್ಲಿ ಕ್ರೈಸ್ತರು ರೋಗಿಗಳ ಸೇವೆ ಮಾಡುತ್ತಾ ತಾವೂ ಸತ್ತದ್ದನ್ನು ಅಲೆಕ್ಸಾಂಡ್ರಿಯದ ಬಿಷಪ್ ಡಯೊನೀಸಿಯಸ್ ಪತ್ರದಲ್ಲಿ ಬರೆದಿದ್ದಾರೆ. ಆ ಪತ್ರವನ್ನು ಯೂಸೇಬಿಯಸ್ ತಮ್ಮ ಸಭಾ ಚರಿತ್ರೆಯಲ್ಲಿ ಉಳಿಸಿಕೊಟ್ಟಿದ್ದಾರೆ.

ಇನ್ನು ಕಹಿಯಾದರೂ ಹೇಳಲೇಬೇಕಾದ ಎರಡು ಮಾತು. ಮೊದಲನೆಯದು, ಭಯದ ವ್ಯಾಪಾರ. ಶಾಪವಿದೆ, ಮಾಟವಿದೆ, ಲೋಕದ ಅಂತ್ಯ ಇಂಥ ವರ್ಷವೇ ಎಂದು ಮೊದಲು ಹೆದರಿಸಿ, ಆಮೇಲೆ ಅಭಿಷೇಕದ ಎಣ್ಣೆ, ವಿಶೇಷ ಕಾಣಿಕೆ, ಉಪವಾಸ ಕೂಟದ ಹೆಸರಿನಲ್ಲಿ ಹಣ ಕೀಳುವವರು ನಮ್ಮ ಊರುಗಳಲ್ಲೂ ಇದ್ದಾರೆ. ಅಂಥವರ ಪೋಸ್ಟರನ್ನು ನಮ್ಮ ಕಾಂಪೌಂಡಿಗೆ ಅಂಟಿಸಲು ಬಿಡಬೇಡಿ. ಕೀಬೋರ್ಡಿನ ದನಿ ಏರಿಸುತ್ತಾ ಒಂದೇ ಸಾಲನ್ನು ಹದಿನೈದು ನಿಮಿಷ ಹಾಡಿಸಿ ಜನರನ್ನು ಅಳಿಸುವುದನ್ನೂ ಆರಾಧನೆಯೆಂದು ತಪ್ಪು ತಿಳಿಯಬೇಡಿ. ಕಣ್ಣೀರು ಬಂದ ಮಾತ್ರಕ್ಕೆ ಭಯ ಹೋಗುವುದಿಲ್ಲ.

ಎರಡನೆಯದು ಕಾಯಿಲೆಯಾಗಿ ಬರುವ ಭಯ. ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟುವುದು, ನಿದ್ದೆ ಬಾರದಿರುವುದು, ಮನೆಯಿಂದ ಹೊರಗೆ ಕಾಲಿಡಲಾಗದಿರುವುದು, ಇವೆಲ್ಲ ಚಿಕಿತ್ಸೆಯಿಂದ ಹತೋಟಿಗೆ ಬರುವ ತೊಂದರೆಗಳು. ಬಿ.ಪಿ. ಮಾತ್ರೆ ಬಿಡಿ ಎಂದು ಯಾರಿಗೂ ಹೇಳದ ನಾವು ಮನಸ್ಸಿನ ಮಾತ್ರೆ ನುಂಗುವವರಿಗೆ ಪ್ರಾರ್ಥನೆ ಸಾಲದೇ ಎಂದು ಕೇಳುತ್ತೇವೆ. ಪ್ರವಾದಿ ಎಲೀಯ ಜೀವಭಯದಿಂದ ಅಡವಿಗೆ ಓಡಿ, ಗಿಡದ ಕೆಳಗೆ ಬಿದ್ದುಕೊಂಡು ಸಾವು ಬೇಡಿದಾಗ ದೂತ ಬಂದು ಪ್ರಸಂಗ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ. ಮಾತುಕತೆ ಶುರುವಾದದ್ದು ಅದೆಲ್ಲ ಆದ ಮೇಲೆ, ಹೋರೇಬ್ ಬೆಟ್ಟದಲ್ಲಿ. ನಮಗೆ ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ. 2022ರಿಂದ ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಸಿಗುತ್ತದೆ. ಅದನ್ನು ದೇವಾಲಯದ ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕಿದರೆ ದೇವರ ಮಹಿಮೆ ಕಡಿಮೆಯಾಗುವುದಿಲ್ಲ.

ಸಹೋದರರೇ, ಸಹೋದರಿಯರೇ, ದೂರಿ ಸುಮ್ಮನಾಗುವುದು ಸರಿಯಲ್ಲ. ನನ್ನ ಬಿನ್ನಹಗಳು ಐದು.

ಒಂದು, ಪ್ರತಿ ಭಾನುವಾರ ಸ್ತೋತ್ರದ ಕೀರ್ತನೆಯ ಜೊತೆಗೆ ಮೊರೆಯ ಕೀರ್ತನೆಯೊಂದನ್ನೂ ಇಡೀ ಸಭೆ ಸೇರಿ ಓದಲಿ. ನಮ್ಮ ಗಾಯನ ತಂಡಗಳು ಅವುಗಳಿಗೆ ರಾಗ ಹಾಕಲಿ. ಶೋಕಕ್ಕೆ ಒಗ್ಗುವ ರಾಗಗಳಿಗೆ ಕರ್ನಾಟಕದಲ್ಲಿ ಬರವಿಲ್ಲ.

ಎರಡು, ವಿಜ್ಞಾಪನಾ ಪ್ರಾರ್ಥನೆಯಲ್ಲಿ ರಾಷ್ಟ್ರಪತಿ, ಪ್ರಧಾನಿ, ಬಿಷಪರ ಹೆಸರು ಹೇಳಿ ಮುಗಿಸಬೇಡಿ. ಕೆಲಸ ಕಳೆದುಕೊಂಡವರು, ರಿಪೋರ್ಟ್‌ಗಾಗಿ ಕಾಯುತ್ತಿರುವವರು, ಮನೆಯಲ್ಲೇ ಹೊಡೆತ ತಿನ್ನುವ ಹೆಂಗಸರು, ಪರೀಕ್ಷೆಗೆ ಹೆದರಿದ ಮಕ್ಕಳು, ಇವರ ಭಯಗಳನ್ನು ದೇವರ ಮುಂದೆ ಬಾಯಿಬಿಟ್ಟು ಹೇಳಿ. ಹೆಸರು ಬೇಡವೆಂದವರ ಹೆಸರು ಬೇಡ.

ಮೂರು, ಸಾಕ್ಷಿಯ ಸಮಯದಲ್ಲಿ ಗೆದ್ದವರನ್ನು ಮಾತ್ರ ನಿಲ್ಲಿಸಬೇಡಿ. ಕಷ್ಟ ಇನ್ನೂ ಮುಗಿಯದವರೂ ಎದ್ದು ನಿಂತು, ಹೆದರಿಕೆ ಹಾಗೇ ಇದೆ, ಆದರೂ ಬಂದಿದ್ದೇನೆ ಎಂದು ಹೇಳಲು ಅವಕಾಶ ಕೊಡಿ. ಅದೂ ಸಾಕ್ಷಿಯೇ. ಅವರು ಕೂತ ಕೂಡಲೇ ಬುದ್ಧಿವಾದ ಹೇಳಲು ಯಾರೂ ಏಳದಿರಲಿ.

ನಾಲ್ಕು, ಸಂಡೇ ಸ್ಕೂಲಿನ ಮಕ್ಕಳಿಗೆ ಹಾಡುಗಳನ್ನೂ ಕೀರ್ತನೆಗಳನ್ನೂ ಬಾಯಿಪಾಠ ಮಾಡಿಸಿ. ಪರದೆಯ ಮೇಲೆ ಸಾಲು ತೋರಿಸಿ ಹಾಡಿಸಿದ ಹಾಡು ಐಸಿಯುವಿನ ಬಾಗಿಲ ಹೊರಗೆ ನೆನಪಿಗೆ ಬರುವುದಿಲ್ಲ.

ಐದು, ಆಶೀರ್ವಾದದೊಂದಿಗೆ ಆರಾಧನೆ ಮುಗಿಯಿತೆಂದು ತಿಳಿಯಬೇಡಿ. ಆ ವಾರ ಬಾರದವರ ಪಟ್ಟಿ ಮಾಡಿ, ಮಧ್ಯಾಹ್ನವೇ ಇಬ್ಬಿಬ್ಬರು ಅವರ ಮನೆಗೆ ಹೋಗಲಿ. ಕರ್ತನ ಭೋಜನದ ರೊಟ್ಟಿ ಮುರಿದ ಸಭೆ ಹೆದರಿ ಒಳಗೆ ಕೂತವರಿಗೆ ಒಂದು ಡಬ್ಬಿ ಊಟ ಒಯ್ದು ಕೊಡಲಾರದೆ? ಆಸ್ಪತ್ರೆಯಲ್ಲಿ ರಾತ್ರಿ ಕೂರಲು ಜನ ಬೇಕಾದವರಿಗೆ ಯುವಕರ ಸಂಘ ಸರದಿ ಹಾಕಿಕೊಳ್ಳಲಿ. ನೆರೆಮನೆಯವರು ಯಾವ ಧರ್ಮದವರಾದರೂ ಈ ಸರದಿಯಲ್ಲಿ ಅವರಿಗೂ ಪಾಲಿರಲಿ.

ಈ ಐದಕ್ಕೂ ಹಣ ಬೇಡ, ಕಮಿಟಿಯ ಠರಾವು ಬೇಡ, ಹೊಸ ಕಟ್ಟಡ ಬೇಡ. ಪೂರ್ಣವಾದ ಪ್ರೀತಿಯೇ ಭಯವನ್ನು ಹೊರಗೆ ಹಾಕುತ್ತದೆಂದು ಯೋಹಾನನು ತನ್ನ ಮೊದಲನೆಯ ಪತ್ರದಲ್ಲಿ ಕಲಿಸಿದ್ದಾನೆ. ಧೈರ್ಯದ ಭಾಷಣಕ್ಕಾಗಲಿ, ಏರುದನಿಯ ಹಾಡಿಗಾಗಲಿ, ಗದರಿಕೆಗಾಗಲಿ ಆ ಕೆಲಸವನ್ನು ಅವನು ವಹಿಸಲಿಲ್ಲ. ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ: ಹೆದರಿದವರನ್ನು ತಿದ್ದುವ ಮೊದಲು ಅವರ ಪಕ್ಕದಲ್ಲಿ ಕೂರಿ, ಅವರ ಮೊರೆಯನ್ನು ಸಭೆಯ ಮೊರೆಯಾಗಿಸಿ, ಆಮೇಲೆ ಹಾಡು ಎತ್ತಿಕೊಡಿ. ಮುಂದಿನ ಭಾನುವಾರದ ಆರಾಧನಾ ಕ್ರಮ ಇನ್ನೂ ಸಿದ್ಧವಾಗಿರದಿದ್ದರೆ 13ನೆಯ ಕೀರ್ತನೆಯಿಂದಲೇ ಶುರುಮಾಡಿ.

ಕರ್ತನಲ್ಲಿ ನಿಮ್ಮ ಸಹೋದರಿ,
ಸಭೆಯ ಒಬ್ಬ ಸದಸ್ಯೆ